ಬೂತಾಯಿ ಎಣ್ಣೆ

ಮೊರಿಸ್ ಇನ್ನೊಂದು ಸಲ ಮರದ ಸುತ್ತಿಗೆಯಲ್ಲಿ ಬಡಿದ. ಸಿಲಿಂಡರ್ ಕದಲಲಿಲ್ಲ. ಗ್ಯಾರೇಜಿನ ಬಾಗಿಲಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದ ಶರ್ಮಿಳಾಳ ಹಲ್ಲುಗಳು ಏಟು ಬಿದ್ದಾಗಲೆಲ್ಲ ತಮ್ಮಷ್ಟಕ್ಕೇ ಕಚ್ಚಿಕೊಳ್ಳುತ್ತಿದ್ದವು, ಅವನು ಬಡಿಯುತ್ತಿರುವುದು ತನ್ನ ದವಡೆಗೋ ಎಂಬಂತೆ. ಬೆನ್ನ ಹಿಂದೆ ನಂತೂರಿನ ವೃತ್ತದ ಲಾರಿಗಳು ಒಂದರ ಬಾಲಕ್ಕೆ ಇನ್ನೊಂದು ಮೂಗು ತಾಗಿಸಿಕೊಂಡು ನಿಂತು ಹಾರ್ನ್ ಹೊಡೆಯುತ್ತಿದ್ದವು. ಬರುವ ಆದಿತ್ಯವಾರ ಅಣ್ಣ ರಂಜಿತನಿಗೆ ಅರವತ್ತು ತುಂಬುತ್ತದೆ. ಆ ದಿನವೇ ಹಳೆಯ ಬೈಕುಗಳನ್ನು ಜೋಪಾನ ಮಾಡಿಕೊಂಡವರೆಲ್ಲ ಪಣಂಬೂರಿನವರೆಗೆ ಸಾಲಾಗಿ ಹೋಗುವ ಕಾರ್ಯಕ್ರಮವಿದೆ. ಅದರಲ್ಲಿ ಅಣ್ಣ ತನ್ನ ಹರೆಯದ ರೇಸ್ ಬೈಕಿನ ಮೇಲೆ ಕೂತು ಹೋಗಬೇಕು, ಅಲ್ಲಿಯವರೆಗೆ ಅವನಿಗೆ ಸುಳಿವೂ ಸಿಗಬಾರದು ಎಂದು ಅವಳ ಗಂಡ ಭುಜಂಗ ಮಳೆಗಾಲ ಮುಗಿದಾಗಿನಿಂದ ಹಟ ಹಿಡಿದಿದ್ದ. ಕಾಟಿಪಳ್ಳದ ಅಹ್ಮದ್ ಬಾವ ಎನ್ನುವವರ ಹಿತ್ತಲಲ್ಲಿ, ಒದ್ದೆ ಬಟ್ಟೆ ಹರವಲಿಕ್ಕೆ ಉಪಯೋಗವಾಗುತ್ತಿದ್ದ ಆ ಬೈಕನ್ನು ಹುಡುಕಿ ತಂದವನೂ ಅವನೇ. ಆದರೆ ಮೀನು ಇಳಿಸುವ ದಕ್ಕೆಯ ಐಸ್ ಪ್ಲಾಂಟಿನ ಮ್ಯಾನೇಜರಿಗೆ ದಿನಾ ಗ್ಯಾರೇಜಿಗೆ ಬರಲು ಪುರುಸೊತ್ತೆಲ್ಲಿ? ಹಾಗಾಗಿ ಉರ್ವ ಮಾರ್ಕೆಟಿನ ಹತ್ತಿರದ ತನ್ನ ಝೆರಾಕ್ಸ್ ಅಂಗಡಿಯನ್ನು ಮಧ್ಯಾಹ್ನಕ್ಕೆ ಮುಚ್ಚಿ ಇಲ್ಲಿ ಬಂದು ಕೂರುವ ಕೆಲಸ ಅವಳದಾಯಿತು. "ನೀನು ಎಂತ ಮಾಡುದೂ ಬೇಡ, ಸುಮ್ಮನೆ ಕೂತರೆ ಸಾಕು. ಎದುರಿಗೆ ಜನ ಇದ್ದರೆ ಮೊರಿಸ್ ಕೈ ನಿಲ್ಲಿಸುದಿಲ್ಲ" ಎಂದಿದ್ದ ಭುಜಂಗ. ಸುಮ್ಮನೆ ಕೂರುವುದು ಅವಳಿಗೆ ಹೊಸತಲ್ಲ. ಈ ಬೈಕಿನ ವಿಷಯದಲ್ಲಂತೂ ಮೂವತ್ತು ವರ್ಷಗಳಿಂದ ಅದನ್ನೇ ಮಾಡಿದ್ದಳು. ಯಾಕೆಂದರೆ ಬೈಕು ಅಣ್ಣನದ್ದಲ್ಲ, ಅವಳದು. ಅದು ಗೊತ್ತಿದ್ದು ಈಗ ಉಳಿದವರು ಮನೆಯ ಮೂರೇ ಜನ. ಗಂಡ ಅವರಲ್ಲಿ ಇರಲಿಲ್ಲ.

"ಭುಜಂಗಣ್ಣ, ಇದು ತುಕ್ಕಲ್ಲ ಮಾರಾಯ್ರೆ." ಮೊರಿಸ್ ಫೋನನ್ನು ಸ್ಪೀಕರಿಗೆ ಹಾಕಿ ಸ್ಪ್ಯಾನರುಗಳ ಮಧ್ಯೆ ಇಟ್ಟಿದ್ದ. ಅವಳು ಮೂರು ಮಾರು ದೂರದಲ್ಲಿದ್ದರೂ ವರದಿ ಹೋಗುವುದು ದಕ್ಕೆಗೇ. "ತುಕ್ಕು ಆದ್ರೆ ಡೀಸೆಲ್ ಹೊಯ್ದು ಇಟ್ರೆ ಬಿಡ್ಬೇಕಿತ್ತು. ಇದು ಗೋಂದಿನ ಹಾಗೆ ಹಿಡಿದಿದೆ. ಪಿಸ್ಟನ್ನೂ ಸಿಲಿಂಡರೂ ಮದುವೆ ಆಗಿ ಕೂತಿದ್ದಾವೆ."

"ಡೈವೋರ್ಸ್ ಕೊಡಿಸು ಮಾರಾಯ, ಆದಿತ್ಯವಾರದ ಮೊದಲು." ಆ ಕಡೆ ಐಸ್ ಪುಡಿ ಮಾಡುವ ಯಂತ್ರದ ಸದ್ದಿನ ನಡುವೆ ಭುಜಂಗ ನಕ್ಕ. "ಭಾವನಿಗೇ ಕೇಳುವ ಅಂದ್ರೆ ಗುಟ್ಟು ಬಿಟ್ಟು ಹೋಗ್ತದೆ. ಶರ್ಮಿ ಅಲ್ಲೇ ಇದ್ದಾಳಲ್ಲ, ಅವಳಿಗೆ ಎಂತಾದ್ರೂ ನೆನಪುಂಟಾ ನೋಡು."

ಮೊರಿಸ್ ತಲೆಯೆತ್ತಿದ. "ಅಕ್ಕ, ಅಣ್ಣ ಇದಕ್ಕೆ ಎಂತೆಲ್ಲ ಹಾಕ್ತಿದ್ರು, ನಿಮಗೆ ಗೊತ್ತುಂಟಾ?"

"ಇಲ್ಲ" ಎಂದಳು ಶರ್ಮಿಳಾ. ಅಣ್ಣ ಇದಕ್ಕೆ ಏನನ್ನೂ ಹಾಕಿದವನಲ್ಲ. ಪೆಟ್ರೋಲಿಗೆ ಎಷ್ಟು ಎಣ್ಣೆ ಬೆರೆಸಬೇಕೆಂದು ಅವನಿಗೆ ಗೊತ್ತೇ ಇರಲಿಲ್ಲ. ಬೆರೆಸುತ್ತಿದ್ದದ್ದು ಅವಳು, ಹಳೆಯ ಹಾರ್ಲಿಕ್ಸ್ ಬಾಟಲಿಯಲ್ಲಿ, ಬೆಳಕಿಗೆ ಹಿಡಿದು ಬಣ್ಣ ನೋಡಿ. ಹೇಳಬಹುದಿತ್ತು. ನಾಲಿಗೆಯ ತುದಿಗೆ ಬಂದದ್ದು ಅಲ್ಲೇ ಸ್ವಲ್ಪ ಹೊತ್ತು ಕೂತು, ಯಾರೂ ವಿಚಾರಿಸದ ನೆಂಟರಂತೆ ಎದ್ದು ಹೋಯಿತು. ಎದುರಿನ ಬೆಂಚಿನ ಮೇಲೆ ಪೇಂಟರ್ ಬೆಳಿಗ್ಗೆಯಷ್ಟೇ ತಂದುಕೊಟ್ಟ ಪೆಟ್ರೋಲ್ ಟ್ಯಾಂಕಿತ್ತು. ಕೆಂಪು ಸರಿಯಾಗಿಯೇ ಕೂತಿತ್ತು, ಅವಳ ಕಾಲದ ಕೆಂಪೇ. ಅದರ ಮೇಲೆ ಭುಜಂಗ ಹೇಳಿ ಬರೆಸಿದ ಬಿಳಿ ಅಕ್ಷರಗಳು: ರಂಜಿತ್. ಬಂದಾಗಿನಿಂದ ಅವಳು ಆ ಕಡೆ ನೋಡದಿರಲು ಪ್ರಯತ್ನಿಸಿ ಪ್ರಯತ್ನಿಸಿ ಈಗ ಕುತ್ತಿಗೆ ಒಂದು ಬದಿಗೆ ಹಿಡಿದುಕೊಂಡಿತ್ತು.

ಮೊರಿಸ್ ಗ್ಯಾಸಿನ ಸಣ್ಣ ಟಾರ್ಚ್ ಹಚ್ಚಿ ಸಿಲಿಂಡರಿನ ಅಂಚಿಗೆ ಬೆಂಕಿ ತೋರಿಸಿದ. ಒಳಗೆ ಜೇನಿನ ಬಣ್ಣಕ್ಕೆ ಗಟ್ಟಿಯಾಗಿ ಕೂತದ್ದು ಮೊದಲು ಬೆವರಿತು, ಆಮೇಲೆ ಹೊಗೆಯಾಡಿತು. ವಾಸನೆ ಬಾಗಿಲಿಗೆ ಬರುವ ಮೊದಲೇ ಅವನು ಮೂಗು ಮುಚ್ಚಿಕೊಂಡಿದ್ದ. "ಅಯ್ಯಯ್ಯೋ, ಬೂತಾಯಿ. ಭುಜಂಗಣ್ಣ, ಕೇಳ್ತದಾ? ಯಾರೋ ಎಂಜಿನಿಗೆ ಬೂತಾಯಿ ಮೀನಿನ ಎಣ್ಣೆ ಹೊಯ್ದಿದ್ದಾರೆ. ಎಂಜಿನಿನೊಳಗೆ ಮೀನು ಗಸಿ ಮಾಡಿದ್ದಾರೆ ನಿಮ್ಮವರು. ನಂಬರ್ ಪ್ಲೇಟೇ ಬೇಡ, ಇದು ಮೊಗವೀರರ ಬೈಕ್ ಅಂತ ಕಣ್ಣು ಮುಚ್ಚಿ ಹೇಳ್ಬಹುದು." ಫೋನಿನೊಳಗೆ ಭುಜಂಗ ಹೊಟ್ಟೆ ಹಿಡಿದು ನಗುವುದು ಕೇಳಿಸಿತು. "ನಮ್ಮ ಭಾವ ಅಲ್ವಾ, ಮಾಡಿಯಾನು" ಎಂದ. ಮೊರಿಸನೂ ನಕ್ಕ. ಶರ್ಮಿಳಾ ನಗಲಿಲ್ಲ. ಅವಳ ಮೂಗಿನಲ್ಲಿ ಮೇ ತಿಂಗಳ ಕೊನೆಯ ವಾರ ತೆರೆದುಕೊಂಡಿತ್ತು. ಮಳೆ ಹಿಡಿಯುವ ಮುಂಚೆ ಅಪ್ಪ ಸೇಸಪ್ಪನ ದೋಣಿಯನ್ನು ಹತ್ತು ಜನ ಸೇರಿ ಮರಳಿನ ಮೇಲೆ ಎಳೆದು ಮಗುಚಿ ಹಾಕುವುದು, ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಬಾಲ್ದಿಯಿಂದ ಬೂತಾಯಿ ಎಣ್ಣೆಯನ್ನು ಚಿಂದಿಯಲ್ಲಿ ಅದ್ದಿ ಹಲಗೆ ಹಲಗೆಗೆ ತಿಕ್ಕುವುದು. ಉಪ್ಪು ತಿನ್ನಬಾರದು, ಹುಳ ಹಿಡಿಯಬಾರದು. ಒಣಗಿದ ಮೇಲೆ ಉಗುರಿನಲ್ಲಿ ಕೆರೆದರೂ ಏಳುತ್ತಿರಲಿಲ್ಲ ಅದು. ಕಾಲೇಜಿಗೆ ಹೊರಡುವ ಮುಂಚೆ ಎರಡೆರಡು ಸಲ ಸೋಪು ಹಚ್ಚಿ ಮೀಯುತ್ತಿದ್ದಳು ಶರ್ಮಿಳಾ. ಆದರೂ ಬಸ್ಸಿನಲ್ಲಿ ಪಕ್ಕದವರು ಕಿಟಕಿಯ ಕಡೆ ಮುಖ ತಿರುಗಿಸಿದರೆ ತನ್ನ ಕೂದಲಿನಿಂದಲೇ ಎಂದು ಅನಿಸುತ್ತಿತ್ತು. ಬೈಕಿನ ಮೇಲೆ ಹಾಗೆ ಅನಿಸುತ್ತಿರಲಿಲ್ಲ. ಬೈಕಿನ ಮೇಲೆ ವಾಸನೆಗಳೆಲ್ಲ ಹಿಂದೆ ಬೀಳುತ್ತಿದ್ದವು.

ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಹುಡುಗಿಯರಿಗೆ ಕಲಿಸಿ ಕೂಡಿಟ್ಟದ್ದರಲ್ಲಿ ಅವಳು ಅದನ್ನು ತೆಗೆದುಕೊಂಡದ್ದು. ಯಾರೋ ಓಡಿಸಿ ಬಿಟ್ಟಿದ್ದ ಯಮಹಾ, ಸೈಲೆನ್ಸರ್ ಬದಲಾಯಿಸಿ ಹ್ಯಾಂಡಲ್ ತಗ್ಗಿಸಿ ರೇಸಿಗೆಂದೇ ತಯಾರು ಮಾಡಿದ್ದು. ಕಾಗದವನ್ನು ಅಣ್ಣನ ಹೆಸರಿಗೆ ಮಾಡಿಸಿದ್ದು ಅನುಕೂಲಕ್ಕೆ, ಮನೆಯ ಗಂಡಸು ಬಂದು ಸಹಿ ಹಾಕಲಿ ಎಂದು ಮಾರಿದವನೇ ಹೇಳಿದ್ದಕ್ಕೆ. ಕಡಲ ಬದಿಯ ಮರಳಿನಲ್ಲಿ ಹಗ್ಗ ಕಟ್ಟಿ ನಡೆಸುತ್ತಿದ್ದ ರೇಸಿನಲ್ಲಿ ಹೆಂಗಸರದ್ದೊಂದು ಸುತ್ತು ಇರುತ್ತಿತ್ತು. ಮೂರೇ ಜನ, ನೋಡುವವರಿಗೆ ನಗಲಿಕ್ಕೆಂದೇ ಇಟ್ಟದ್ದು. ಮೊದಲ ತಿರುವಿನವರೆಗೆ ಸಿಳ್ಳೆ ಹೊಡೆಯುತ್ತಿದ್ದರು. ಎರಡನೆಯ ತಿರುವಿನಲ್ಲಿ ಸಿಳ್ಳೆ ನಿಲ್ಲುತ್ತಿತ್ತು. ಆ ನಿಲ್ಲುವ ಕ್ಷಣಕ್ಕಾಗಿಯೇ ಅವಳು ಹೋಗುತ್ತಿದ್ದದ್ದು. ಮೊಣಕಾಲುಗಳ ನಡುವೆ ಟ್ಯಾಂಕು ಬೆಚ್ಚಗೆ ನಡುಗುವುದು, ಚಕ್ರ ಮರಳಿನಲ್ಲಿ ಜಾರಿದಾಗ ತೊಡೆ ಬಿಗಿದು ಅದನ್ನು ತನ್ನ ದಾರಿಗೆ ತರುವುದು. ಈಗ ಮೊಣಕಾಲಿಗೆ ಸಂಜೆ ಸಂಜೆ ತೈಲ ಹಚ್ಚಬೇಕು. ಆ ತೈಲ ತಂದುಕೊಡುವವನೂ ಭುಜಂಗನೇ, ಮರೆಯದೆ, ತೀರುವ ಮೊದಲೇ. ಅವನ ಮೇಲೆ ಸಿಟ್ಟು ಮಾಡಿಕೊಳ್ಳಲು ಒಂದು ಕಾರಣವನ್ನಾದರೂ ಅವನು ಬಿಟ್ಟುಕೊಡಬಾರದೇ ಎಂದು ಅವಳಿಗೆ ಎಷ್ಟೋ ಸಲ ಅನಿಸಿದ್ದುಂಟು. ಅವನನ್ನು ಏನೆಂದು ದೂರುವುದು? ಸುಳ್ಳು ಹೇಳಿದವಳು ತಾನೇ. ಹೆಣ್ಣು ನೋಡಲು ಬಂದ ದಿನ ಚಾವಡಿಯಲ್ಲಿ ಅವನ ಸೋದರಮಾವ, ಎಲೆಯಡಿಕೆ ಬಾಯಿಗಿಟ್ಟುಕೊಳ್ಳುತ್ತ, ಅಂಗಳದಲ್ಲಿ ನಿಂತಿದ್ದ ಬೈಕಿನ ಕಡೆ ಗಲ್ಲ ಎತ್ತಿ, "ಅದು ಯಾರದ್ದು?" ಎಂದು ಕೇಳಿದ್ದರು. ಹೆದರಿಸುವ ಹಾಗೆಯೂ ಅಲ್ಲ, ಕೊಂಕಿನಿಂದಲೂ ಅಲ್ಲ. ಮಾವಿನ ಮರ ಯಾವ ಜಾತಿಯದ್ದು ಎಂದು ಕೇಳುವ ಹಾಗೆ. ಅಣ್ಣ ಬಾಯಿ ತೆರೆದಿದ್ದ, ನಿಜ ಹೇಳುವವನೇ ಇದ್ದ. ಅಷ್ಟರಲ್ಲಿ ಯಾರೂ ಅವಳನ್ನು ಕೇಳದೆ, ಯಾರೂ ಒತ್ತಾಯ ಮಾಡದೆ ಅವಳೇ ಹೇಳಿಬಿಟ್ಟಳು, "ಅಣ್ಣಂದು."

ಒಂದು ಮಾತು. ಅದು ಅಲ್ಲಿಂದ ಎದ್ದು ತನ್ನಷ್ಟಕ್ಕೆ ಬೆಳೆಯಿತು. ಅಣ್ಣನದ್ದಾದ ಬೈಕು ತವರಿನಲ್ಲೇ ಉಳಿಯಿತು. ಅವಳು ಮದುವೆಯಾಗಿ ಹೋದಳು, ಹೆತ್ತಳು. ಒಂದು ದಿನ ಅಣ್ಣ ಅದನ್ನು ಮಾರಿದ ಸುದ್ದಿ ಬಂತು, ಅವಳು ಅನ್ನ ಬಸಿಯುತ್ತಿದ್ದವಳು ಬಸಿಯುವುದನ್ನು ಮುಂದುವರಿಸಿದಳು. ಗೋಡೆಯ ಕಪಾಟಿನಲ್ಲಿದ್ದ, ಅವಳು ರೇಸಿನಲ್ಲಿ ಗೆದ್ದ ಕಪ್ಪು ಕೂಡ ಕಾಲಾಂತರದಲ್ಲಿ ಅಣ್ಣನ ಕಪ್ಪಾಯಿತು. ಅವನು ಅದನ್ನು ತನ್ನದೆಂದು ಹೇಳಿದವನಲ್ಲ, ಅಲ್ಲವೆಂದೂ ಹೇಳಲಿಲ್ಲ. ಬಂದವರಿಗೆ ಭುಜಂಗನೇ ತೋರಿಸುತ್ತಿದ್ದ, "ನಮ್ಮ ಭಾವ ಆ ಕಾಲದಲ್ಲಿ ಭಯಂಕರ ರೇಸರ್."

"ಆಗುದಿಲ್ಲ ಅಕ್ಕ" ಎಂದ ಮೊರಿಸ್, ಟಾರ್ಚ್ ಆರಿಸಿ. "ಇನ್ನು ಬಡಿದ್ರೆ ಸಿಲಿಂಡರ್ ಬಿರುಕು ಬಿಡ್ತದೆ. ಆದಿತ್ಯವಾರ ಸುಮ್ಮನೆ ಶೋಕೇಸಿನ ಹಾಗೆ ನಿಲ್ಲಿಸುವ. ಟ್ಯಾಂಕ್ ಕೂರಿಸಿ ಕೊಡ್ತೇನೆ. ಅಣ್ಣ ಮೇಲೆ ಕೂತು ಫೋಟೋ ತೆಗೆಸ್ಲಿ. ಓಡಿಸ್ಲಿಕ್ಕೆ ಯಾರಿಗೆ ಉಂಟು ಈ ಪ್ರಾಯದಲ್ಲಿ?"

ಅವಳು ಎದ್ದು ಸ್ಕೂಟರ್ ಸ್ಟಾರ್ಟ್ ಮಾಡಿದಳು. ವೃತ್ತದಲ್ಲಿ ಎಕ್ಸ್‌ಪ್ರೆಸ್ ಬಸ್ಸೊಂದು ಅವಳನ್ನು ಅಂಚಿಗೆ ಒತ್ತಿಕೊಂಡು ನುಗ್ಗಿತು. ಕಿವಿಯ ಹತ್ತಿರವೇ ಹಾರ್ನ್. ಅವಳ ಬಲಗೈ ತನ್ನಷ್ಟಕ್ಕೆ ತಿರುಗಿತು, ನೆನಪು ಮಣಿಕಟ್ಟಿನಲ್ಲಿತ್ತು. ಆದರೆ ಸ್ಕೂಟರ್ ಒಂದು ಸಲ ಕೆಮ್ಮಿ ಅದೇ ವೇಗದಲ್ಲಿ ಹೋಯಿತು. ಹೋಗುವಾಗ ಒಂದು ಯೋಚನೆ ಮೆಲ್ಲನೆ ಮನಸ್ಸಿನೊಳಗೆ ಬಂದು ಕೂತಿತು. ಎಣ್ಣೆ ಹೊಯ್ದದ್ದು ಅಣ್ಣನಲ್ಲ, ಅಮ್ಮ. ಅಮ್ಮನಲ್ಲದೆ ಇನ್ನು ಯಾರು? ಮಗಳು ಮದುವೆಯಾಗಿ ಹೋದ ಮೇಲೆ ಕೊಟ್ಟಿಗೆಯಲ್ಲಿ ನಿಂತ ಬೈಕನ್ನು ನೋಡಿ, ಉಪ್ಪು ಗಾಳಿ ತಿನ್ನದಿರಲಿ ಎಂದು, ದೋಣಿಗೆ ಮಾಡಿದ್ದನ್ನೇ ಅದಕ್ಕೂ ಮಾಡಿದ್ದಾಳೆ. ಬಿಜೈ ದಾಟುವಷ್ಟರಲ್ಲಿ ಶರ್ಮಿಳಾಳ ಕಣ್ಣು ಮಂಜಾಗಿತ್ತು. ಹಾಗಾದರೆ ಒಬ್ಬಳಾದರೂ ಅದನ್ನು ಅವಳದ್ದೆಂದೇ ಕಾಯ್ದಿದ್ದಳು. ಪಾಪ ಅಮ್ಮ, ಎಂಜಿನು ಮರವಲ್ಲ ಎಂದು ಅವಳಿಗೇನು ಗೊತ್ತು. ಉರ್ವದ ಮನೆಗೆ ಬರುವಾಗ ಹೇಳಬೇಕಾದ ಮಾತುಗಳೆಲ್ಲ ಜೋಡಿಸಿ ಆಗಿತ್ತು, ಅಮ್ಮ ಹೇಳಬೇಕಾದ ಮಾತುಗಳು ಕೂಡ.

ಅಮ್ಮ ವಾರಿಜಾಕ್ಷಿ ಹಿತ್ತಿಲ ಜಗಲಿಯಲ್ಲಿ ಮೆಟ್ಟುಕತ್ತಿಯ ಮೇಲೆ ಕೂತು ಮೀನು ಕೊಯ್ಯುತ್ತಿದ್ದಳು. ಅಪ್ಪ ತೀರಿಕೊಂಡ ಮೇಲೆ ಅವಳು ಮಗಳ ಮನೆಗೇ ಬಂದವಳು, ಹೆಣ್ಣಿನ ಕಡೆಯಿಂದ ಮನೆತನ ಎಣಿಸುವ ಅವರಲ್ಲಿ ಅದು ವಿಶೇಷವೇನಲ್ಲ. ಎಂಬತ್ತು ಹತ್ತಿರವಾದರೂ ಮೀನು ಕೊಯ್ಯುವುದನ್ನು ಮಾತ್ರ ಇನ್ನೊಬ್ಬರಿಗೆ ಬಿಟ್ಟುಕೊಡಳು. ಬೆಕ್ಕು ಒಂದು ಮಾರು ದೂರದಲ್ಲಿ ಕಾಯುತ್ತಿತ್ತು.

"ಅಮ್ಮ, ಆ ಬೈಕಿಗೆ ಬೂತಾಯಿ ಎಣ್ಣೆ ಹಾಕಿದ್ದು ನೀನಾ?"

"ಹೌದು. ಈಗೆಂತ ಅದಕ್ಕೆ?"

"ಎಂಜಿನ್ ಹಿಡಿದು ಕೂತಿದೆ. ಬಿಡುದಿಲ್ಲ."

"ಬಿಡುದಿಲ್ಲ ಅದು" ಎಂದಳು ಅಮ್ಮ, ಒಂದು ಬಗೆಯ ಹೆಮ್ಮೆಯಿಂದಲೇ. "ಒಳ್ಳೆ ಎಣ್ಣೆ. ನಾನೇ ಬೇಯಿಸಿ ತೆಗೆದದ್ದು."

ಶರ್ಮಿಳಾ ಜಗಲಿಯ ಅಂಚಿನಲ್ಲಿ ಕೂತಳು. ದಾರಿಯಲ್ಲಿ ಜೋಡಿಸಿದ್ದರಲ್ಲಿ ಯಾವುದೂ ಇಲ್ಲಿ ಉಪಯೋಗಕ್ಕೆ ಬರುವಂತೆ ಕಾಣಲಿಲ್ಲ. ಆದರೂ ಕೇಳಿದಳು, "ನನಗೋಸ್ಕರ ಇಟ್ಟದ್ದಾ ಅಮ್ಮ?"

ಅಮ್ಮ ಕತ್ತಿಯ ಅಂಚಿನಿಂದ ಕಣ್ಣೆತ್ತಿದಳು. "ನಿನಗೆಂತಕ್ಕೆ? ಅಣ್ಣಂದು ಅಂತ ನೀನೇ ಹೇಳಿದ್ದಲ್ವಾ, ಹತ್ತು ಜನರ ಎದುರು. ನಾನು ಬಾಗಿಲ ಹಿಂದೆ ಇದ್ದೆ. ಕೇಳಿತು." ಒಂದು ತಲೆಯನ್ನು ಬೆಕ್ಕಿಗೆ ಎಸೆದಳು. "ಹುಡುಗ ಒಳ್ಳೆಯವ, ಮದುವೆ ಕಳೀಲಿ, ಆಮೇಲೆ ಬಂದು ಕೇಳ್ತಾಳೆ ಅಂತ ಎಣಿಸಿದೆ. ದೋಣಿಗೆ ಹಚ್ಚುವಾಗ ಅದಕ್ಕೂ ಒಂದು ಲೋಟ ಹೊಯ್ದೆ. ನೀನು ಕೇಳ್ಲಿಲ್ಲ. ಮರು ವರ್ಷ ಪುನಃ ಹೊಯ್ದೆ. ಬಸುರಿ ಅಂತ ಬಂದೆ, ಬಾಣಂತನಕ್ಕೆ ಬಂದೆ, ಕೊಟ್ಟಿಗೆಯ ಎದುರೇ ಹೋಗಿ ಬಂದೆ. ಒಂದು ಸಲ ಒಳಗೆ ಇಣುಕಿದ್ಯಾ? ಎಷ್ಟೂಂತ ಹೊಯ್ಯುದು ಮಗಾ? ರಂಜಿತ ಮಾರ್ತೇನೆ ಅಂದ, ಮಾರು ಅಂದೆ. ಕೇಳದವರಿಗೆ ದೇವರೂ ಕೊಡುದಿಲ್ಲ, ನಾನೆಂತ ಕೊಡುದು."

ಬೆಕ್ಕು ತಲೆಯನ್ನು ಕಚ್ಚಿಕೊಂಡು ಬಾಳೆಯ ಬುಡಕ್ಕೆ ಓಡಿತು. ಶರ್ಮಿಳಾಳಿಗೆ ಮೊದಲು ಬಂದದ್ದು ಸಿಟ್ಟು. ಬಾಯಿ ಬಿಟ್ಟು ಹೇಳಬಹುದಿತ್ತಲ್ಲ ನೀನು, ನಿನ್ನದಿದು ಬಾ ಎಂದು. ಒಂದೇ ಮಾತು. ಆಮೇಲೆ ಆ ಸಿಟ್ಟು ತಿರುಗಿ ತನ್ನನ್ನೇ ನೋಡಿ ನಿಂತಿತು. ಒಂದು ಲೋಟದ ಮೇಲೆ ಇನ್ನೊಂದು ಲೋಟ, ಅಮ್ಮ ಕಾಯುತ್ತ ಹೊಯ್ದದ್ದೆಲ್ಲ ಒಣಗಿ ಗಟ್ಟಿಯಾಗಿ ಎಂಜಿನಿನೊಳಗೆ ಕೂತಿತ್ತು. ಮಗಳು ಬಾಯಿ ಮುಚ್ಚಿಕೊಂಡ ಒಂದೊಂದು ವರ್ಷಕ್ಕೆ ಒಂದೊಂದು ಪದರ. ಅದನ್ನೇ ಮೊರಿಸ್ ಬಡಿಯುತ್ತಿದ್ದದ್ದು.

"ಅದು ಬಡಿದ್ರೆ ಬಿಡುದಿಲ್ಲ" ಎಂದಳು ಅಮ್ಮ, ಇನ್ನೊಂದು ಮೀನು ಎತ್ತಿಕೊಳ್ಳುತ್ತ, ಬೇರೆ ಯಾರದೋ ವಿಷಯ ಹೇಳುವವಳಂತೆ. "ಹಳೆ ಎಣ್ಣೆ ತೆಗೀಲಿಕ್ಕೆ ದೋಣಿಯ ಹೊಟ್ಟೆಯಡಿ ತೆಂಗಿನ ಮಡಲು ಉರಿಸಿ ಬಿಸಿ ಕೊಡುದು ನೋಡ್ಲಿಲ್ವಾ ನೀನು? ಕಾಯಿಯ ಗೆರಟೆಯ ಕೆಂಡ ಆದೀತು ಇದಕ್ಕೆ. ಸುತ್ತ ಇಡು, ನಿಧಾನ ಇಡು. ನಿನ್ನ ಅವಸರ ಬೇಡ."

ಗೆರಟೆಯ ಗೋಣಿಯನ್ನು ಸ್ಕೂಟರಿನ ಮುಂದೆ ಇಟ್ಟುಕೊಂಡು ಅವಳು ಗ್ಯಾರೇಜಿಗೆ ವಾಪಸು ಬಂದಾಗ ಮೊರಿಸ್ ಚಾ ಕುಡಿಯುತ್ತಿದ್ದ. "ಎಂತ ಅಕ್ಕ, ಕೋರಿ ಸುಕ್ಕ ಮಾಡ್ಲಿಕ್ಕುಂಟಾ?" ಎಂದ. ಅವಳು ಗೋಣಿ ಇಳಿಸಿದಳು. ಎಂಜಿನನ್ನು ಹೊರಗೆ ಮಣ್ಣಿನ ಮೇಲೆ ಇಡಿಸಿದಳು, ತಗಡಿನ ಮೇಲೆ ಗೆರಟೆ ಹೊತ್ತಿಸಿ, ಕೆಂಡವಾದ ಮೇಲೆ ಇಕ್ಕಳದಲ್ಲಿ ಒಂದೊಂದೇ ಎತ್ತಿ ಸಿಲಿಂಡರಿನ ಸುತ್ತ ಜೋಡಿಸಿದಳು. ಹೊಗೆ ಕಣ್ಣಿಗೆ ಬಂತು, ಸೀರೆಯ ಅಂಚಿಗೆ ಕಿಡಿ ಬಿದ್ದು ತೂತಾಯಿತು. ಪಕ್ಕದ ಟಯರ್ ಅಂಗಡಿಯ ಇಬ್ಬರು ಬಂದು ನಿಂತು ನೋಡಿದರು. ಒಬ್ಬ ಮೂಗು ಹಿಂಡಿಕೊಂಡು "ಮಾರ್ಕೆಟ್ ಇಲ್ಲಿಗೆ ಬಂತಾ?" ಎಂದ. ಇಂತಹ ಮಾತಿಗೆ ಒಂದು ಕಾಲದಲ್ಲಿ ಅವಳು ಎರಡು ಸಲ ಸೋಪು ಹಚ್ಚುತ್ತಿದ್ದಳು. ಈಗ ಬಗ್ಗಿ ಕೆಂಡಕ್ಕೆ ಉಫ್ ಎಂದು ಊದಿದಳು. ಅಂಚಿನಿಂದ ಒಂದು ಕಂದು ಹನಿ ಇಳಿಯಿತು, ಮತ್ತೊಂದು. ಬಿಸಿಲು ಹಳದಿಯಾಗುವವರೆಗೆ ಅವಳು ಹಾಗೆಯೇ ಕುಕ್ಕರಗಾಲಲ್ಲಿ ಕೂತಿದ್ದಳು, ಮೊಣಕಾಲು ಬಿಟ್ಟುಬಿಡು ಎಂದು ಬೇಡುತ್ತಿದ್ದರೂ. ಕೊನೆಗೆ ಮೊರಿಸ್ ಬಂದು ಮರದ ತುಂಡಿಟ್ಟು ಒಂದು ಸಲ ತಟ್ಟಿದ. ಜೋರಾಗಿ ಏನಲ್ಲ. ಪಿಸ್ಟನ್ ಒಂದು ಉಗುರಿನಷ್ಟು ಇಳಿಯಿತು.

ಅವನು ಇನ್ನೊಮ್ಮೆ ತಟ್ಟಿದ. ಇನ್ನೊಂದು ಉಗುರು.

"ನೋಡಿ ಅಕ್ಕ, ನನ್ನ ಡೀಸೆಲ್ ಈಗ ಕೆಲಸ ಮಾಡಿತು" ಎಂದ ಮೊರಿಸ್, ಕೈ ಒರೆಸಿಕೊಂಡು ಫೋನು ಒತ್ತುತ್ತ. "ಭುಜಂಗಣ್ಣ, ಬಿಟ್ಟಿತು. ಭಾವನ ಬೈಕ್ ಬಿಟ್ಟಿತು. ಆದಿತ್ಯವಾರಕ್ಕೆ ಓಡಿಸುವ ಹಾಗೆಯೇ ಮಾಡಿ ಕೊಡ್ತೇನೆ."

"ಭಾವಂದಲ್ಲ" ಎಂದಳು ಶರ್ಮಿಳಾ.

ಹೊರಗೆ ಟ್ಯಾಂಕರೊಂದು ಹೋಯಿತು. ಭುಜಂಗ, "ಎಂತ? ಯಾರು ಅದು, ಶರ್ಮಿಯಾ?" ಎಂದ. ಅವಳು ಎದ್ದು ಸ್ಪ್ಯಾನರುಗಳ ಮಧ್ಯದಿಂದ ಫೋನನ್ನು ಎತ್ತಿಕೊಂಡಳು. ಕೈಯ ಎಣ್ಣೆಗೆ ಅದು ಜಾರುತ್ತಿತ್ತು. "ಬೈಕ್ ಅಣ್ಣಂದಲ್ಲ, ನಂದು. ನಾನೇ ತೆಗೊಂಡದ್ದು, ನಾನೇ ಓಡಿಸ್ತಿದ್ದದ್ದು. ಆ ಕಪ್ಪು ಕೂಡ ನಂದೇ. ಅವತ್ತು ನಿಮ್ಮ ಮಾವ ಕೇಳಿದಾಗ ಸುಳ್ಳು ಹೇಳಿದೆ." ಮೂವತ್ತು ವರ್ಷದ್ದು ಮುಗಿಯಲು ಇಷ್ಟೇ ಹೊತ್ತು ಸಾಕಾಯಿತೇ ಎಂದು ಅವಳಿಗೇ ಆಶ್ಚರ್ಯವಾಯಿತು. ಆ ಕಡೆ ಐಸಿನ ಯಂತ್ರ ತಿರುಗುತ್ತಲೇ ಇತ್ತು. ಅವನು ಸಿಟ್ಟಾದರೆ ಉತ್ತರ ಸಿದ್ಧವಿತ್ತು, ನಕ್ಕರೂ ಇತ್ತು.

"ಆಯ್ತಲ್ಲ ಮಾರಾಯ್ತಿ" ಎಂದ ಭುಜಂಗ, ಸಮಾಧಾನದ ದನಿಯಲ್ಲಿ, ತೈಲದ ಬಾಟಲಿ ಕೊಡುವಾಗಿನ ಅದೇ ದನಿ. "ಅದಕ್ಕೆಂತ ಈಗ? ನಿಂದಾದ್ರೆ ಎಂತ, ಭಾವಂದಾದ್ರೆ ಎಂತ, ಮನೆಯದ್ದೇ ಅಲ್ವಾ? ಹೆಸರೆಲ್ಲ ಬರೆಸಿ ಆಯ್ತು. ಆದಿತ್ಯವಾರ ಕಳೀಲಿ, ಮತ್ತೆ ಮಾತಾಡುವ."

ಮತ್ತೆ ಮಾತಾಡುವ. ಅವಳು ಫೋನನ್ನು ಮೊರಿಸನಿಗೆ ಕೊಟ್ಟಳು. ಅವನು ಇದ್ದಕ್ಕಿದ್ದಂತೆ ಒಂದು ಬೋಲ್ಟನ್ನು ಬಹಳ ಗಮನವಿಟ್ಟು ಒರೆಸತೊಡಗಿದ. ಅವಳು ಬೆಂಚಿನ ಹತ್ತಿರ ಹೋದಳು. ಇಷ್ಟು ಹೊತ್ತು ನೋಡದೆ ಉಳಿಸಿಕೊಂಡ ಟ್ಯಾಂಕನ್ನು ಈಗ ನೇರವಾಗಿ ನೋಡಿದಳು, ಎರಡೂ ಕೈಯಲ್ಲಿ ಎತ್ತಿದಳು. ನೆನಪಿನಲ್ಲಿದ್ದದ್ದಕ್ಕಿಂತ ಹಗುರವಾಗಿತ್ತು.

"ಅಕ್ಕ, ಅದೆಲ್ಲಿಗೆ? ಅದಿಲ್ಲದೆ ನಾನು ಹೇಗೆ ಮುಗಿಸುದು?"

"ಬಾಕಿ ಎಲ್ಲ ಮುಗಿಸು. ಇದು ಬೇಕಾದಾಗ ನನಗೆ ಫೋನ್ ಮಾಡು" ಎಂದಳು. "ಅವರಿಗಲ್ಲ. ನನಗೆ."

"ನಿಮ್ಮ ನಂಬರ್ ಇಲ್ಲ ನನ್ನ ಹತ್ತಿರ."

ಮೂರು ತಿಂಗಳಿಂದ ದಿನಾ ಬರುತ್ತಿದ್ದಳು. ನಂಬರು ಹೇಳಿದಳು. ಅವನು ಫೋನಿನಲ್ಲಿ ಬರೆದುಕೊಂಡು ಹೆಸರಿನ ಜಾಗದಲ್ಲಿ ಒಂದು ಕ್ಷಣ ತಡೆದ. 'ಭುಜಂಗಣ್ಣನ ಮಿಸೆಸ್' ಎಂದು ಅವನ ಬೆರಳು ಶುರು ಮಾಡಿದ್ದನ್ನು ಕಂಡು ಅವಳು ಕಾದು ನಿಂತಳು. ಅವನು ಅಳಿಸಿ, ಶರ್ಮಿಳಾ ಎಂದು ಹಾಕಿದ.

ನಂತೂರಿನ ವೃತ್ತದಲ್ಲಿ ಸಂಜೆಯ ಗಾಡಿಗಳು ಗಂಟು ಬಿದ್ದಿದ್ದವು. ಸ್ಕೂಟರಿನ ಮುಂದಿನ ಜಾಗದಲ್ಲಿ ನಿಲ್ಲಿಸಿದ ಟ್ಯಾಂಕು ಜಾರದಂತೆ ಅವಳು ಎರಡೂ ಮೊಣಕಾಲುಗಳಿಂದ ಒತ್ತಿ ಹಿಡಿದಿದ್ದಳು. ನೋಯುತ್ತಿತ್ತು, ಆದರೆ ಹಿಡಿಯುವುದು ಹೇಗೆಂದು ಕಾಲಿಗೆ ಗೊತ್ತಿತ್ತು. ಚೀಲದಲ್ಲಿ ಫೋನು ಹೊಡೆದುಕೊಂಡು ನಿಂತಿತು, ಪುನಃ ಹೊಡೆದುಕೊಂಡಿತು. ಪಕ್ಕದಲ್ಲಿ ಸಿಕ್ಕಿಹಾಕಿಕೊಂಡಿದ್ದ ಸಿಟಿ ಬಸ್ಸಿನ ಫುಟ್‌ಬೋರ್ಡಿನಿಂದ ಕಂಡಕ್ಟರ್ ಬಗ್ಗಿ ನೋಡಿದ. ಮೊದಲು ಮೂಗು ಸುಕ್ಕಿಸಿದ, ಆಮೇಲೆ ಟ್ಯಾಂಕನ್ನು ಕಂಡ.

"ಭಾರೀ ಉಂಟಲ್ಲ ಅಕ್ಕ. ರಂಜಿತನದ್ದಾ?"

"ನಂದು" ಎಂದಳು.

ಅಷ್ಟರಲ್ಲಿ ಪೊಲೀಸು ಕೈ ಬೀಸಿದ, ಬಸ್ಸು ಗರ್ಜಿಸಿ ಮುಂದೆ ನುಗ್ಗಿತು. ಕಂಡಕ್ಟರ್ ಕೇಳಿಸಲಿಲ್ಲವೆಂದು ಕಿವಿಗೆ ಕೈ ಹಿಡಿದು ತೋರಿಸುತ್ತ ದೂರವಾದ. ಹಿಂದಿನ ಲಾರಿ ಹಾರ್ನ್ ಹೊಡೆಯಿತು. ಶರ್ಮಿಳಾ ಮೊಣಕಾಲು ಬಿಗಿದು ಕೈ ತಿರುಗಿಸಿದಳು. ಸ್ಕೂಟರ್ ಒಂದು ಸಲ ಕೆಮ್ಮಿತು. ಬಸ್ಸು ಕೆಪಿಟಿಯ ಸ್ಟಾಪಿನಲ್ಲಿ ಹೇಗೂ ನಿಲ್ಲುತ್ತದೆ. ಅಲ್ಲಿ ಅವನಿಗೆ ಇನ್ನೊಮ್ಮೆ ಹೇಳಿಯೇ ಮುಂದೆ ಹೋಗುವುದೆಂದು ಅವಳು ಅದರ ಹಿಂದೆ ಬಿದ್ದಳು.